ಒಂದೇ ವಯಸ್ಸಿನ ಮರಿ, ಬೇರೆ ಬೇರೆ ಗಾತ್ರ: ಬಿತ್ತನೆ ಕೊಳದಲ್ಲಿ ಮೇವಿನ ಪೈಪೋಟಿಯನ್ನು ಪತ್ತೆ ಹಚ್ಚುವ ಕ್ರಮ

ಒಂದೇ ದಿನ, ಒಂದೇ ಹ್ಯಾಚರಿಯಿಂದ ತಂದು ಬಿಟ್ಟ ರೋಹು ಮೀನಿನ ಸ್ಪಾನ್, ಅಂದರೆ ಮೊಟ್ಟೆಯೊಡೆದು ಮೂರು ದಿನದ ಎಳೆ ಮರಿ. ಹದಿನೆಂಟನೇ ದಿನ ಬಲೆ ಎಳೆದರೆ ಕೆಲವು ಮರಿ ಒಂದೂವರೆ ಇಂಚು ದಾಟಿವೆ, ಬಹುಪಾಲು ಅರ್ಧ ಇಂಚಿನಲ್ಲೇ ನಿಂತಿವೆ, ಜೊತೆಗೆ ನೀವು ಬಿಟ್ಟೇ ಇಲ್ಲದ ಸಣ್ಣ ಮೀನು ಒಂದು ಬೊಗಸೆ. ಇದನ್ನು ಕಂಡೊಡನೆ ಹೆಚ್ಚಿನ ಸಾಕಣೆದಾರರು ಹಿಂಡಿ-ತೌಡಿನ ಪ್ರಮಾಣ ಏರಿಸುತ್ತಾರೆ. ಸಾಮಾನ್ಯವಾಗಿ ಅದು ತಪ್ಪು ಮದ್ದು. ಏರಿಸಿದ ಮೇವು ಆಗಲೇ ಮುಂದೆ ಹೋದ ಮರಿಗಳ ಬಾಯಿಗೋ ಕಳೆ ಮೀನಿನ ಬಾಯಿಗೋ ಬೀಳುತ್ತದೆ. ಮಿಕ್ಕಿದ್ದು ತಳದಲ್ಲಿ ಕೊಳೆತು ಬೆಳಗಿನ ಜಾವದ ಆಮ್ಲಜನಕವನ್ನು ಕಸಿಯುತ್ತದೆ. ಎಷ್ಟು ಹಾಕಿದೆವು ಅನ್ನುವ ಲೆಕ್ಕಕ್ಕಿಂತ ಮೊದಲು ಯಾರು ತಿಂದರು ಅನ್ನುವುದು ಗೊತ್ತಾಗಬೇಕು.

ಈ ಕೈಪಿಡಿ ಕಾಟ್ಲಾ, ರೋಹು, ಮೃಗಾಲ್ ಮರಿಗಳ ಎರಡು ಹಂತಕ್ಕೆ ಸಂಬಂಧಿಸಿದ್ದು: ಸ್ಪಾನ್‌ನಿಂದ 20–25 ಮಿ.ಮೀ. ಫ್ರೈವರೆಗಿನ ನರ್ಸರಿ ಕೊಳ, ಅಲ್ಲಿಂದ 80–100 ಮಿ.ಮೀ. ಬೆರಳುದ್ದದ ಮರಿವರೆಗಿನ ಪಾಲನಾ ಕೊಳ. ಲೆಕ್ಕಕ್ಕೆ ಅನುಕೂಲವಾಗಲೆಂದು ಎಲ್ಲ ಪ್ರಮಾಣವನ್ನೂ 10 ಗುಂಟೆ ವಿಸ್ತಾರ, 1 ಮೀಟರ್ ನೀರು ಇರುವ ಕೊಳಕ್ಕೆ ಕೊಟ್ಟಿದೆ. 10 ಗುಂಟೆ ಅಂದರೆ ಸುಮಾರು 1000 ಚದರ ಮೀಟರ್. ನೀರು ಸುಮಾರು 1000 ಘನ ಮೀಟರ್, ಅಂದರೆ 10 ಲಕ್ಷ ಲೀಟರ್.

ಪೈಪೋಟಿ ಎಲ್ಲಿ ಹುಟ್ಟುತ್ತದೆ

ದೊಡ್ಡದಾದ ಮೇಲೆ ಕಾಟ್ಲಾ ಮೇಲ್ಪದರದಲ್ಲಿ ಪ್ರಾಣಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳು) ಸೋಸಿ ತಿನ್ನುತ್ತದೆ, ರೋಹು ನಡುಪದರದಲ್ಲಿ ಪಾಚಿ ಮತ್ತು ಸಸ್ಯದ ಚೂರು ಹುಡುಕುತ್ತದೆ, ಮೃಗಾಲ್ ತಳದ ಕೊಳೆತ ಪದಾರ್ಥ ಕೆದಕುತ್ತದೆ. ಈ ಪಾಠ ಎಲ್ಲರಿಗೂ ಬಾಯಿಪಾಠ. ಆದರೆ ಇದು ಸ್ಪಾನ್ ಹಂತಕ್ಕೆ ಅನ್ವಯಿಸುವುದಿಲ್ಲ. ಮೊಟ್ಟೆಯೊಡೆದು ಮೂರು ದಿನದ ಹೊತ್ತಿಗೆ ಹೊಟ್ಟೆಯಡಿಯ ಹಳದಿ ಲೋಳೆಯ ಭಂಡಾರ ಕರಗುತ್ತದೆ. ಆಗ ಮೂರೂ ಜಾತಿಯ ಮರಿ ಬಾಯಿ ತೆರೆಯುವುದು ಒಂದೇ ಆಹಾರಕ್ಕೆ, ಅಂದರೆ ಪ್ರಾಣಿ ಪ್ಲಾಂಕ್ಟನ್‌ಗೆ: ಮೊದಲು ರೋಟಿಫರ್, ಮೊಯ್ನಾ ಮರಿ, ಸೈಕ್ಲಾಪ್ಸ್‌ನ ಎಳೆಯ ಲಾರ್ವಾ, ಮುಂದೆ ದೊಡ್ಡ ಮೊಯ್ನಾ, ಡ್ಯಾಫ್ನಿಯಾ. ಕಿವಿರಿನ ಸೋಸುವ ಮುಳ್ಳು, ತುಟಿ, ಕರುಳಿನ ಉದ್ದ ಬೇರೆ ಬೇರೆಯಾಗುತ್ತ ಹೋಗುವುದು ಆಮೇಲೆ. ಆದ್ದರಿಂದ ನರ್ಸರಿಯಲ್ಲಿ ಒಂದೇ ಜಾತಿ ಸಾಕಬೇಕು, ಪಾಲನಾ ಕೊಳದಲ್ಲಿ ಬೆರಕೆ ಮಾಡಬಹುದು. ನರ್ಸರಿಯಲ್ಲೇ ಮೂರನ್ನೂ ಬೆರೆಸಿದವರು ಪೈಪೋಟಿಯನ್ನು ತಾವೇ ಕರೆತಂದ ಹಾಗೆ.

ಪೈಪೋಟಿ ಎರಡು ರೀತಿ. ಒಂದರಲ್ಲಿ ಯಾರೂ ಯಾರನ್ನೂ ತಳ್ಳುವುದಿಲ್ಲ. ಎಲ್ಲರೂ ತಿಂದು ಆಹಾರವೇ ಮುಗಿಯುತ್ತದೆ, ಎಲ್ಲ ಮರಿ ಸಮನಾಗಿ ಬಡಕಲಾಗುತ್ತವೆ. ಇನ್ನೊಂದರಲ್ಲಿ ಮೇವು ಬೀಳುವ ಜಾಗವನ್ನು ದೊಡ್ಡ ಮರಿ ಆಕ್ರಮಿಸುತ್ತದೆ, ಸಣ್ಣದು ಅಂಚಿಗೆ ಸರಿಯುತ್ತದೆ; ಗಾತ್ರದ ಅಂತರ ದಿನೇ ದಿನೇ ಹಿಗ್ಗುತ್ತದೆ. ಮೊದಲನೆಯದಕ್ಕೆ ಆಹಾರ ಹೆಚ್ಚಿಸಬೇಕು ಅಥವಾ ಮರಿ ಕಡಿಮೆ ಮಾಡಬೇಕು. ಎರಡನೆಯದಕ್ಕೆ ಹಂಚುವ ರೀತಿ ಬದಲಾಗಬೇಕು. ಮೊದಲ ರೋಗಕ್ಕೆ ಎರಡನೆಯದರ ಮದ್ದು ಕೊಟ್ಟರೆ ಫಲವಿಲ್ಲ. ಅದಕ್ಕೇ ಕೆಳಗಿನ ಪರೀಕ್ಷೆಗಳು.

ಮೊದಲು ತಳ್ಳಿಹಾಕಬೇಕಾದ ಎರಡು ಅನುಮಾನ

ಸೂರ್ಯ ಹುಟ್ಟುವ ಮುಂಚೆ ಕೊಳದ ದಂಡೆಗೆ ಹೋಗಿ. ಮರಿಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದು, ಬೆದರಿಸಿದರೂ ಕೆಳಗಿಳಿಯದಿದ್ದರೆ ಅದು ಹಸಿವಲ್ಲ, ಉಸಿರಿನ ತೊಂದರೆ. ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂ.ಗಿಂತ ಕೆಳಗಿದ್ದರೆ ಮರಿ ಮೇವು ಬಿಡುತ್ತದೆ. ಅವತ್ತು ಮೇವೂ ಬೇಡ, ಗೊಬ್ಬರವೂ ಬೇಡ. ಹೊಸ ನೀರು ಬಿಡಿ ಅಥವಾ ಪಂಪಿನಿಂದ ಅದೇ ನೀರನ್ನು ಚಿಮ್ಮಿಸಿ. ಪಿಎಚ್ 7.5ರಿಂದ 8.5ರ ನಡುವೆ ಇದೆಯೇ ನೋಡಿಕೊಳ್ಳಿ.

ಎರಡನೆಯದು ಪರಾವಲಂಬಿ. ತಲೆ ದೊಡ್ಡದು, ಮೈ ಸಣಕಲು ಅನ್ನಿಸುವ ಮರಿ ಹಸಿದದ್ದೂ ಇರಬಹುದು, ಕಿವಿರಿನಲ್ಲಿ ಹುಳ ಬಿದ್ದದ್ದೂ ಇರಬಹುದು. ಹತ್ತು ಮರಿಯ ಕಿವಿರು ಬಿಡಿಸಿ ನೋಡಿ. ಕಿವಿರು ಕೆಂಪಾಗಿ, ಲೋಳೆಯಿಲ್ಲದೆ ಇದ್ದರೆ ಮುಂದಿನ ಹಂತಕ್ಕೆ ಹೋಗಿ. ಬಿಳಿಚಿಕೊಂಡು ಲೋಳೆ ಕಟ್ಟಿದ್ದರೆ, ಮರಿಗಳು ಮೈಯನ್ನು ದಂಡೆಗೆ ಉಜ್ಜುತ್ತಿದ್ದರೆ, ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಈ ಕೈಪಿಡಿ ಆಮೇಲೆ.

ಮಾದರಿ ಹಿಡಿಯುವ ಬಗೆ

ಬಹಳ ಕಡೆ ಎಡವುವುದು ಇಲ್ಲೇ. ಮೇವು ಹಾಕುವ ಮೂಲೆಯಲ್ಲಿ ಹಿಡಿ ಬಲೆ ಅದ್ದಿ ನೂರು ಮರಿ ತೆಗೆದು ‘ಚೆನ್ನಾಗಿ ಬೆಳೆದಿವೆ’ ಅಂದುಕೊಳ್ಳುತ್ತಾರೆ. ಅಲ್ಲಿ ಸಿಗುವುದು ಗೆದ್ದ ಮರಿಗಳು ಮಾತ್ರ. ಕನಿಷ್ಠ ಮೂರು ಕಡೆಯಿಂದ ತೆಗೆಯಬೇಕು: ಮೇವಿನ ಜಾಗ, ಕೊಳದ ನಡು, ಮೇವಿನ ಜಾಗಕ್ಕೆ ಎದುರಿನ ದಂಡೆಯ ಹುಲ್ಲಂಚು. ಮೂರನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಇಡಿ, ಬೆರೆಸಬೇಡಿ. ಪ್ರತಿ ಬಕೆಟ್ಟಿನಿಂದ ಮೂವತ್ತು ನಲವತ್ತು ಮರಿಯನ್ನು ಅಳತೆಪಟ್ಟಿ ಅಂಟಿಸಿದ ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರಿನ ಜೊತೆ ಇಟ್ಟು ಉದ್ದ ಬರೆದುಕೊಳ್ಳಿ. ಸ್ಪಾನ್ ಹಂತದಲ್ಲಿ ಸೊಳ್ಳೆ ಪರದೆಯ ಬಲೆಯೇ ಬೇಕು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣವು ಜಾರಿ ಹೋಗಿ ಲೆಕ್ಕವೇ ಸುಳ್ಳಾಗುತ್ತದೆ.

ಬರೆದದ್ದನ್ನು ಓದುವುದು ಹೀಗೆ. ಮೂರೂ ಬಕೆಟ್ಟಿನ ಮರಿ ಒಂದೇ ಗಾತ್ರದವು, ಆದರೆ ವಯಸ್ಸಿಗೆ ಸಣ್ಣವು: ಕೊಳದ ಒಟ್ಟು ಆಹಾರ ಸಾಲುತ್ತಿಲ್ಲ. ಮೇವಿನ ಜಾಗದವು ದೊಡ್ಡವು, ಹುಲ್ಲಂಚಿನವು ಸಣ್ಣವು: ಹಂಚಿಕೆಯ ದೋಷ. ಗಾತ್ರ ಚೆನ್ನಾಗಿದೆ, ಆದರೆ ಬಲೆಗೆ ಬೀಳುವ ಸಂಖ್ಯೆಯೇ ಕಡಿಮೆ: ಮೇವಿನ ಪ್ರಶ್ನೆಯಲ್ಲ, ಯಾರೋ ಮರಿಯನ್ನೇ ತಿನ್ನುತ್ತಿದ್ದಾರೆ. ಎಲ್ಲ ಬಕೆಟ್ಟಿನಲ್ಲೂ ಪರಕೀಯ ಮೀನು ಕಾಣುತ್ತಿದೆ: ಕಳೆ ಮೀನಿನ ಭಾಗಕ್ಕೆ ಹೋಗಿ. ಉದ್ದದಲ್ಲಿ ಮೇಲಿನ ಹತ್ತನೇ ಒಂದು ಭಾಗ ಕೆಳಗಿನ ಹತ್ತನೇ ಒಂದು ಭಾಗದ ದುಪ್ಪಟ್ಟಾಗಿದ್ದರೆ ಗಾತ್ರವಾರು ಬೇರ್ಪಡಿಸುವುದನ್ನು ಮುಂದೂಡಬಾರದು ಅನ್ನುವುದು ನಮ್ಮ ನಿಲುವು.

ಕರುಳು ಏನು ಹೇಳುತ್ತದೆ

ಫ್ರೈ ಹಂತದವರೆಗೆ ಮರಿಯ ಹೊಟ್ಟೆ ಅರೆಪಾರದರ್ಶಕ. ಬೆಳಗಿನ ಮೇವು ಹಾಕಿ ಒಂದೆರಡು ಗಂಟೆಯೊಳಗೆ ದೊಡ್ಡವು ಹತ್ತು, ಸಣ್ಣವು ಹತ್ತು ಹಿಡಿದು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ತಡಮಾಡಿದರೆ ಕರುಳು ಖಾಲಿಯಾಗಿ ಸುಳ್ಳು ಉತ್ತರ ಬರುತ್ತದೆ. ಖಚಿತವಾಗಬೇಕಿದ್ದರೆ ಕರುಳನ್ನು ಗಾಜಿನ ಮೇಲೆ ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಿ. ಹತ್ತಿರದ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಸಾಧಾರಣ ಉಪಕರಣವೇ ಸಾಕು.

ಸಣ್ಣ ಮರಿಯ ಕರುಳು ಖಾಲಿ, ದೊಡ್ಡದರ ಕರುಳು ತುಂಬಿದ್ದರೆ ಪೈಪೋಟಿ ಬಹುಮಟ್ಟಿಗೆ ಖಚಿತ. ಎರಡೂ ತುಂಬಿದ್ದು, ಸಣ್ಣದರಲ್ಲಿ ಬರೀ ತೌಡಿನ ಕಣ, ದೊಡ್ಡದರಲ್ಲಿ ಮೊಯ್ನಾದ ಚಿಪ್ಪು ಕಂಡರೆ ಒಳ್ಳೆಯ ಆಹಾರವೆಲ್ಲ ಒಂದು ಗುಂಪಿನ ಪಾಲಾಗಿದೆ ಎಂದರ್ಥ. ಎರಡೂ ಖಾಲಿ ಅಂದರೆ ನೀರಿನಲ್ಲೇ ಆಹಾರವಿಲ್ಲ, ಇಲ್ಲವೇ ಇರುವುದು ಬಾಯಿಗೆ ಹಿಡಿಸುತ್ತಿಲ್ಲ. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಸ್ಪಾನ್ ಬಿಡುವುದು ನಾಲ್ಕೈದು ದಿನ ತಡವಾದರೆ ಅಷ್ಟರಲ್ಲಿ ರೋಟಿಫರ್‌ಗಳ ಕಾಲ ಮುಗಿದು ದೊಡ್ಡ ಡ್ಯಾಫ್ನಿಯಾ, ಸೈಕ್ಲಾಪ್ಸ್ ಕೊಳವನ್ನು ತುಂಬಿರುತ್ತವೆ. ಕಣ್ಣಿಗೆ ನೀರು ಸಮೃದ್ಧ. ಸ್ಪಾನ್‌ಗೆ ಮಾತ್ರ ಉಪವಾಸ. ಡ್ಯಾಫ್ನಿಯಾ ಅದರ ಬಾಯಿಗಿಂತ ದೊಡ್ಡದು, ಜೊತೆಗೆ ರೋಟಿಫರ್ ತಿನ್ನಬೇಕಾದ ಪಾಚಿಯನ್ನು ತಾನೇ ಸೋಸಿ ಮುಗಿಸುತ್ತದೆ. ದೊಡ್ಡ ಸೈಕ್ಲಾಪ್ಸ್ ಎಳೆ ಸ್ಪಾನ್ ಮೇಲೆ ಬಿದ್ದು ಗಾಯ ಮಾಡುವುದೂ ಉಂಟು.

ಪ್ಲಾಂಕ್ಟನ್ ಅಳತೆ

ಕೊಳದ ಐದಾರು ಕಡೆಯಿಂದ ಒಟ್ಟು 50 ಲೀಟರ್ ನೀರನ್ನು ನುಣುಪು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ, ಬಂದದ್ದನ್ನು ಅಳತೆಗೆರೆ ಇರುವ ಗಾಜಿನ ನಳಿಕೆಗೆ ಹಾಕಿ. ಒಂದು ಚಿಟಿಕೆ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಜೀವಿಗಳು ತಳಕ್ಕೆ ಕೂರುತ್ತವೆ. ನರ್ಸರಿಗೆ 1ರಿಂದ 2 ಮಿ.ಲೀ. ಇರಬೇಕು. ಬಣ್ಣವೂ ಮುಖ್ಯ: ತಿಳಿ ಕಂದು ಅಥವಾ ಹಾಲುಗಂದು ಬಣ್ಣ ಪ್ರಾಣಿ ಪ್ಲಾಂಕ್ಟನ್‌ನದು, ಹಸಿರು ಪಾಚಿಯದು. ಹಸಿರೇ 2 ಮಿ.ಲೀ. ಕೂತಿದ್ದರೆ ಅದು ಸ್ಪಾನ್‌ನ ಊಟವಲ್ಲ. ಮುಂಜಾನೆ ಅಳೆಯುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಪ್ರಾಣಿ ಪ್ಲಾಂಕ್ಟನ್ ಕೆಳಗಿಳಿಯುವುದರಿಂದ ಮೇಲ್ನೀರಿನ ಲೆಕ್ಕ ಕಡಿಮೆ ಬರುತ್ತದೆ.

ಅರ್ಧ ಮಿ.ಲೀ.ಗಿಂತ ಕಡಿಮೆ ಇದ್ದರೆ ಕಂತಿನ ಗೊಬ್ಬರ ಬೇಕು. 10 ಗುಂಟೆಗೆ ಕಡಲೆಕಾಯಿ ಹಿಂಡಿ 75 ಕೆ.ಜಿ., ಹಸಿ ಸಗಣಿ 20 ಕೆ.ಜಿ., ಸಿಂಗಲ್ ಸೂಪರ್ ಫಾಸ್ಫೇಟ್ 5 ಕೆ.ಜಿ. ಇಡೀ ಅವಧಿಯ ಲೆಕ್ಕ. ಇದರ ಅರ್ಧವನ್ನು ನೀರಲ್ಲಿ ನೆನೆಸಿ ಗಂಜಿಯ ಹದಕ್ಕೆ ಕದಡಿ ಸ್ಪಾನ್ ಬಿಡುವ ಎರಡು ಮೂರು ದಿನ ಮುಂಚೆ ಹರಡುತ್ತಾರೆ. ಉಳಿದರ್ಧ, ಪ್ಲಾಂಕ್ಟನ್ ಅಳತೆ ನೋಡಿಕೊಂಡು, ಎರಡು ಮೂರು ಕಂತಿನಲ್ಲಿ. ಮಲೆನಾಡಿನಲ್ಲಿ ಜುಲೈ–ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ ಕವಿದಾಗ ಈ ಲೆಕ್ಕ ನಡೆಯದು. ಬಿಸಿಲಿಲ್ಲದೆ ಪಾಚಿ ಕುಸಿಯುತ್ತದೆ, ಅದರ ಹಿಂದೆ ಪ್ರಾಣಿ ಪ್ಲಾಂಕ್ಟನ್ ಕುಸಿಯುತ್ತದೆ, ಗೊಬ್ಬರ ಹಾಕಿದರೆ ಆಮ್ಲಜನಕವೂ ಕುಸಿಯುತ್ತದೆ. ಅಂಥ ದಿನಗಳಲ್ಲಿ ಗೊಬ್ಬರ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿದ ನುಣುಪು ಮೇವನ್ನೇ ನಂಬಬೇಕು. ಕೊಳಗಳು ಹೆಚ್ಚಿರುವವರು ಒಂದು ಸಿಮೆಂಟ್ ತೊಟ್ಟಿಯಲ್ಲಿ ಮೊಯ್ನಾ ಬೆಳೆಸಿಟ್ಟುಕೊಂಡರೆ ಮೋಡದ ದಿನಗಳು ದಾಟುತ್ತವೆ.

ಹಾಪಾ ಪರೀಕ್ಷೆ

ಇಷ್ಟಾದರೂ ಸಂಶಯ ಉಳಿದರೆ ಮಾಡಬೇಕಾದ ಪರೀಕ್ಷೆ ಇದು. ಖರ್ಚು ಕಡಿಮೆ, ಉತ್ತರ ನೇರ. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ಅಂಗಡಿಯ ಬೆಳವಣಿಗೆ ಟಾನಿಕ್‌ಗೆ ಹಣ ಸುರಿಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಸೊಳ್ಳೆ ಪರದೆಯಿಂದ 1 ಮೀಟರ್ ಉದ್ದ, ಅಗಲ, ಆಳದ ಮೂರು ಹಾಪಾ (ಪೆಟ್ಟಿಗೆಯಾಕಾರದ ಬಲೆಚೀಲ) ಹೊಲಿಸಿ ಅದೇ ಕೊಳದಲ್ಲಿ, ಒಂದೇ ಆಳದಲ್ಲಿ, ಗಾಳಿ ಆಡುವ ಕಡೆ ಬಿದಿರು ಗೂಟಕ್ಕೆ ಕಟ್ಟಿ. ಮೊದಲನೆಯದರಲ್ಲಿ 50 ಸಣ್ಣ ಮರಿ ಮಾತ್ರ. ಎರಡನೆಯದರಲ್ಲಿ 25 ಸಣ್ಣವು, 25 ದೊಡ್ಡವು. ಈ ಎರಡಕ್ಕೂ ಒಂದೇ ಪ್ರಮಾಣದ ಮೇವು, ಒಂದೇ ಹೊತ್ತಿಗೆ. ಮೂರನೆಯದರಲ್ಲಿ 50 ಸಣ್ಣ ಮರಿ, ಮೇವಿಲ್ಲ. ಪರದೆಯ ಕಣ್ಣಿನಿಂದ ಒಳಬರುವ ಪ್ಲಾಂಕ್ಟನ್ ಮಾತ್ರ ಅವುಗಳ ಪಾಲು. ದಿನಕ್ಕೊಮ್ಮೆ ಮೆತ್ತನೆ ಬ್ರಷ್‌ನಿಂದ ಪರದೆ ಉಜ್ಜಬೇಕು. ಪಾಚಿ ಕಟ್ಟಿ ಕಣ್ಣು ಮುಚ್ಚಿದರೆ ಒಳಗೆ ಆಮ್ಲಜನಕವೂ ಪ್ಲಾಂಕ್ಟನ್ನೂ ಕಡಿಮೆಯಾಗಿ ಪರೀಕ್ಷೆ ಕೆಡುತ್ತದೆ. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ಅಳೆಯಿರಿ.

ಮೊದಲ ಹಾಪಾದ ಸಣ್ಣವು ಜಿಗಿದು ಬೆಳೆದು, ಎರಡನೆಯದರ ಸಣ್ಣವು ನಿಂತಲ್ಲೇ ನಿಂತಿದ್ದರೆ ದೊಡ್ಡ ಮರಿಗಳ ದಬ್ಬಾಳಿಕೆಯೇ ಕಾರಣ. ಎರಡರಲ್ಲೂ ಸಣ್ಣವು ಬೆಳೆದಿವೆ, ಹೊರಗಿನ ಕೊಳದಲ್ಲಿ ಮಾತ್ರ ಬೆಳೆದಿಲ್ಲ ಅಂದರೆ ಹೊರಗೆ ಕಳೆ ಮೀನಿದೆ ಅಥವಾ ಮರಿಸಂಖ್ಯೆ ಅತಿಯಾಗಿದೆ. ಮೂರನೆಯದೂ ಮೊದಲನೆಯದರ ಸಮಕ್ಕೆ ಬೆಳೆದಿದ್ದರೆ ನೀರಿನ ಸಹಜ ಆಹಾರ ಸಾಕಷ್ಟಿದೆ. ನೀವು ಹಾಕುತ್ತಿರುವ ಹಿಂಡಿ ಗೊಬ್ಬರವಾಗಿ ಹೋಗುತ್ತಿದೆ. ಮೂರರಲ್ಲೂ ಬೆಳವಣಿಗೆ ಇಲ್ಲದಿದ್ದರೆ ನೀರು, ರೋಗ ಅಥವಾ ತಾಯಿಮೀನಿನ ದೌರ್ಬಲ್ಯದ ಕಡೆ ತಿರುಗಬೇಕು.

ಸಣ್ಣ ಮರಿಯನ್ನು ಹುಟ್ಟಾ ದುರ್ಬಲ ಎಂದು ಬಿಸಾಡುವ ಅಭ್ಯಾಸ ತಪ್ಪು. ಆಂಧ್ರದ ಸಾಕಣೆದಾರರು ಬೇಕೆಂದೇ ಕಿಕ್ಕಿರಿದ ಕೊಳದಲ್ಲಿ, ಕಡಿಮೆ ಮೇವಿನಲ್ಲಿ ಮರಿಗಳನ್ನು ವರ್ಷದವರೆಗೆ ಕುಂಠಿತವಾಗಿಟ್ಟು, ಆಮೇಲೆ ವಿಶಾಲ ಕೊಳಕ್ಕೆ ಬಿಟ್ಟು ವೇಗದ ಬೆಳವಣಿಗೆ ಪಡೆಯುತ್ತಾರೆ. ಜಾಗ ಮತ್ತು ಮೇವು ಸಿಕ್ಕರೆ ಹಿಂದುಳಿದ ಮರಿ ಹಿಂದಿನ ಕೊರತೆ ತುಂಬಿಕೊಳ್ಳಬಲ್ಲದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಂಚಿಕೆಯ ದೋಷಕ್ಕೆ ಪರಿಹಾರ

ಪ್ರಮಾಣ ಸರಿಯಿದೆಯೇ ಮೊದಲು ನೋಡಿ. ಒಂದು ಲಕ್ಷ ಸ್ಪಾನ್ ತೂಗುವುದು ಸುಮಾರು 140 ಗ್ರಾಂ. ಮೊದಲ ಐದು ದಿನ ಲಕ್ಷಕ್ಕೆ ದಿನಕ್ಕೆ 600 ಗ್ರಾಂ, ಆಮೇಲೆ 1.2 ಕೆ.ಜಿ.; ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮತೂಕ. 10 ಗುಂಟೆಯಲ್ಲಿ 3 ಲಕ್ಷ ಸ್ಪಾನ್ ಇದ್ದರೆ 1.8 ಕೆ.ಜಿ., ನಂತರ 3.6 ಕೆ.ಜಿ. ಮಣ್ಣಿನ ನರ್ಸರಿಗೆ 3ರಿಂದ 5 ಲಕ್ಷ ಮಿತಿ. ನಿರ್ವಹಣೆಯ ಅನುಭವ ಕಡಿಮೆ ಇದ್ದರೆ 3 ಲಕ್ಷಕ್ಕೇ ನಿಲ್ಲಿಸಿ.

ಹಿಂಡಿ ಮತ್ತು ತೌಡನ್ನು ಬೇರೆ ಬೇರೆಯಾಗಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ದಪ್ಪ ಕಣ ಉಳಿದರೆ ಅದನ್ನು ನುಂಗುವುದು ದೊಡ್ಡ ಮರಿ ಮಾತ್ರ; ಗಾತ್ರದ ಅಂತರ ಶುರುವಾಗುವುದು ಎಷ್ಟೋ ಸಲ ಜರಡಿಯಿಂದಲೇ. ಮುಗ್ಗಲು ವಾಸನೆಯ ಹಿಂಡಿ, ಕಮಟು ತೌಡು ಬೇಡವೇ ಬೇಡ. ಒಂದೇ ಮೂಲೆಯಲ್ಲಿ ಸುರಿಯುವುದನ್ನು ಬಿಟ್ಟು, ಗಾಳಿ ಬರುವ ದಂಡೆಯಿಂದ ಕೊಳದ ಸುತ್ತ ನಡೆಯುತ್ತ ಎರಚಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚುವುದು ವಾಡಿಕೆ. ಗಾತ್ರದ ಅಂತರ ಕಂಡಾಗ ಒಟ್ಟು ಪ್ರಮಾಣ ಏರಿಸದೆ ಅದನ್ನೇ ಮೂರು ನಾಲ್ಕು ಹೊತ್ತಿಗೆ ಹಂಚಿ, ಮೊದಲ ಹೊತ್ತು ಬಿಸಿಲೇರಿದ ಮೇಲೆ, ಎಂಟು ಒಂಬತ್ತು ಗಂಟೆಗೆ ಇರಲಿ. ಮೊದಲು ಒಂದು ಸುತ್ತು ಎರಚಿ, ದೊಡ್ಡ ಮರಿಗಳು ಅಲ್ಲಿ ಮುತ್ತಿಕೊಂಡಿರುವಾಗ ಹತ್ತು ನಿಮಿಷದಲ್ಲಿ ಎದುರು ದಂಡೆಯ ಹುಲ್ಲಂಚಿಗೆ ಇನ್ನೊಂದು ಪಾಲು ಎರಚುವುದು ಬಹಳ ಉಪಯೋಗದ ಉಪಾಯ.

ಎರಡು ಸಲ ಬಿತ್ತನೆ ಮಾಡುವುದು ಇನ್ನೊಂದು ಮೂಲ ಕಾರಣ. ಸೋಮವಾರ ಎರಡು ಲಕ್ಷ, ಹ್ಯಾಚರಿಯಲ್ಲಿ ಸಿಗಲಿಲ್ಲವೆಂದು ಗುರುವಾರ ಒಂದು ಲಕ್ಷ. ಈ ಮೂರು ದಿನದ ಅಂತರ ಸ್ಪಾನ್ ಹಂತದಲ್ಲಿ ತುಂಬಾ ದೊಡ್ಡದು. ಮೊದಲು ಬಂದವು ರೋಟಿಫರ್ ಮುಗಿಸಿ ಮೊಯ್ನಾಕ್ಕೆ ಬಾಯಿ ಹಾಕುವಷ್ಟಾಗಿರುತ್ತವೆ, ತಡವಾಗಿ ಬಂದವಕ್ಕೆ ಬಾಯಿಗೆ ಹಿಡಿಸುವುದು ಏನೂ ಉಳಿದಿರುವುದಿಲ್ಲ. ಪೂರ್ತಿ ಸಂಖ್ಯೆ ಒಂದೇ ದಿನ ಸಿಗದಿದ್ದರೆ ಇರುವಷ್ಟಕ್ಕೇ ತೃಪ್ತಿಪಟ್ಟು ಉಳಿದದ್ದನ್ನು ಬೇರೆ ಕೊಳಕ್ಕೆ ಬಿಡುವುದೇ ಸರಿ.

ಕಳೆ ಮೀನು: ಬಿಡದೆ ಬಂದವರು

ಪಾಲನೆಯ ಮರಿಗಳ ಜೊತೆ ಕಾಡು ಮೀನಿನ ಮರಿ ಸೇರುವುದು ಹೊಸದೇನಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಕೆ. ಎಚ್. ಅಲಿಕುಞ್ಞಿ ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದಿನಿಂದ ಗೆಂಡೆ (ಕಾರ್ಪ್) ಜಾತಿಯ ಮೀನನ್ನು ಮರಿ ಮಾಡಿಸುವವರೆಗೆ ದೇಶದ ಬಿತ್ತನೆ ಮರಿ ಹೆಚ್ಚಾಗಿ ಹೊಳೆಯಲ್ಲಿ ಬಲೆಯೊಡ್ಡಿ ಹಿಡಿದದ್ದು. ಬೇಕಾದದ್ದು ಬೇಡವಾದದ್ದು ಎಲ್ಲ ಬೆರಕೆ. ಈಗ ಹ್ಯಾಚರಿಯಿಂದ ಶುದ್ಧ ಸ್ಪಾನ್ ತಂದರೂ ಕೆರೆ ಕಾಲುವೆಯ ನೀರಿನ ಜೊತೆ ಅದೇ ಬೆರಕೆ ಮತ್ತೆ ಒಳಬರುತ್ತದೆ.

ಗುರುತು ಹೀಗೆ. ಬಾಲದ ಬುಡದಲ್ಲೊಂದು, ಬೆನ್ನಿನ ರೆಕ್ಕೆಯ ಬುಡದಲ್ಲೊಂದು ಕಪ್ಪು ಚುಕ್ಕೆ ಇದ್ದು ಮೈ ಗಿಡ್ಡವಾಗಿದ್ದರೆ ಪುಂಟಿಯಸ್. ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ ಇದ್ದರೆ ರಾಸ್ಬೋರಾ. ಬೆನ್ನಿನ ರೆಕ್ಕೆ ಉದ್ದವಾಗಿ ಮುಳ್ಳಿನಿಂದ ಕೂಡಿದ್ದು ಅದರ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇದ್ದರೆ ಜಿಲೇಬಿ, ಅಂದರೆ ತಿಲಾಪಿಯ. ಬಾಲ ದುಂಡಗೆ, ಬಾಯಿ ಮೇಲ್ಮುಖ, ಮೇಲ್ನೀರಲ್ಲೇ ಸುತ್ತುವುದು ಸೊಳ್ಳೆ ಮೀನು ಗ್ಯಾಂಬೂಸಿಯಾ. ನಿಮ್ಮದೇ ಮರಿಗಳಲ್ಲಿ ಕಾಟ್ಲಾದ ತಲೆ ದೊಡ್ಡದು. ಮೃಗಾಲ್‌ನ ಮೈ ತೆಳ್ಳಗೆ, ಬಾಲದ ಬುಡದಲ್ಲಿ ಕಪ್ಪು ಮಚ್ಚೆ. ರೋಹುವಿನ ತುಟಿ ಅಂಚು ಕುಚ್ಚಿನ ಹಾಗೆ. ಮೃಗಾಲ್‌ನ ಮಚ್ಚೆ ಕಂಡು ಪುಂಟಿಯಸ್ ಎಂದು ಎಸೆಯಬೇಡಿ.

ಇವುಗಳಲ್ಲಿ ತಿಲಾಪಿಯ ಎಲ್ಲಕ್ಕಿಂತ ಕಷ್ಟದ್ದು. 1952ರಲ್ಲಿ ದೇಶಕ್ಕೆ ಬಂದ ಈ ಮೀನು ಅಂಗೈಯಗಲಕ್ಕೂ ಮುಂಚೆ ಮೊಟ್ಟೆಗೆ ಬರುತ್ತದೆ, ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ಪಾಚಿ, ಪ್ಲಾಂಕ್ಟನ್, ತೌಡು, ಹಿಂಡಿ ಎಲ್ಲವನ್ನೂ ತಿನ್ನುತ್ತದೆ. ಒಂದು ಜೋಡಿ ಉಳಿದರೂ ಪಾಲನಾ ಅವಧಿ ಮುಗಿಯುವಷ್ಟರಲ್ಲಿ ಮೇವಿನ ದೊಡ್ಡ ಪಾಲು ಅದರ ಸಂತಾನಕ್ಕೆ. ಗ್ಯಾಂಬೂಸಿಯಾ ಮೇವಿನ ಜೊತೆಗೆ ಸ್ಪಾನ್ ಅನ್ನೂ ತಿನ್ನುತ್ತದೆ. ಕೊರವ, ಮುರುಗೋಡು, ಬಾಳೆ ಮೀನಿನ ಮರಿ ಕಂಡರೆ ಅದು ಪೈಪೋಟಿಯಲ್ಲ, ಬೇಟೆ.

ನಡುವೆ ಪತ್ತೆಯಾದರೆ ವಿಷ ಹಾಕುವಂತಿಲ್ಲ. ಕಳೆ ಮೀನು ಸಾಯುವ ಮೊದಲು ನಿಮ್ಮ ಮರಿ ಸಾಯುತ್ತದೆ. ಮರಿ 20–25 ಮಿ.ಮೀ. ಮುಟ್ಟುತ್ತಿದ್ದಂತೆ ಒಂದು ದಿನ ಮೇವು ನಿಲ್ಲಿಸಿ, ಮುಂಜಾನೆ ತಂಪಿನಲ್ಲಿ ಪೂರ್ತಿ ಎಳೆದು, ಹಾಪಾದಲ್ಲಿಟ್ಟು ಕೈಯಿಂದ ಆರಿಸಿ ಬೇರೆ ಕೊಳಕ್ಕೆ ಸಾಗಿಸಬೇಕು. ಆಮೇಲೆ ಖಾಲಿ ಕೊಳಕ್ಕೆ ಚಿಕಿತ್ಸೆ. ನೀರು ಬತ್ತಿಸಿ ತಳ ಬಿರುಕು ಬಿಡುವವರೆಗೆ ಒಣಗಿಸುವುದೇ ಉತ್ತಮ. ಬತ್ತಿಸಲಾಗದಿದ್ದರೆ 250 ಕೆ.ಜಿ. ಹಿಪ್ಪೆ ಹಿಂಡಿಯನ್ನು ರಾತ್ರಿ ನೆನೆಸಿ ಕೊಳದ ತುಂಬ ಹರಡಿ. ವಿಷ ಇಳಿಯಲು 15–20 ದಿನ ಬೇಕು, ಆಮೇಲೆ ಅದೇ ಗೊಬ್ಬರವಾಗುತ್ತದೆ. ಅವಸರವಿದ್ದರೆ ಬ್ಲೀಚಿಂಗ್ ಪೌಡರ್ 35 ಕೆ.ಜಿ. ಇಲ್ಲವೇ ಮೊದಲ ದಿನ 10 ಕೆ.ಜಿ. ಯೂರಿಯಾ, ಮರುದಿನ 17.5 ಕೆ.ಜಿ. ಬ್ಲೀಚಿಂಗ್ ಪೌಡರ್; ಒಂದು ವಾರ, ಎಂಟು ದಿನದಲ್ಲಿ ನೀರು ಸುರಕ್ಷಿತ. ಹಳೆಯ ಚೀಲದ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಸುಮಾರು ಶೇ. 30 ಕ್ಲೋರಿನ್ ಇರುವ ಹೊಸ ಸರಕು ಬೇಕು. ಯಾವುದನ್ನೇ ಹಾಕಿದ್ದರೂ ಸ್ಪಾನ್ ಬಿಡುವ ಮುಂಚೆ ಹತ್ತಿಪ್ಪತ್ತು ಮರಿಯನ್ನು ಹಾಪಾದಲ್ಲಿಟ್ಟು 24 ಗಂಟೆ ನೋಡಿ.

ಮತ್ತೆ ನೀರು ತುಂಬುವಾಗ ಒಳಹರಿವಿಗೆ ಎರಡು ಪದರದ ನುಣುಪು ನೈಲಾನ್ ಚೀಲ ಕಟ್ಟಿ. ಕೆರೆಯ ಜಲಸಸ್ಯವನ್ನು ತಂದು ಹಾಕಬೇಡಿ. ಪುಂಟಿಯಸ್‌ನಂಥವುಗಳ ಅಂಟುಮೊಟ್ಟೆ ಎಲೆಯ ಜೊತೆಗೇ ಬರುತ್ತದೆ.

ಸಂಖ್ಯೆಯೇ ಕಡಿಮೆಯಾಗಿದ್ದರೆ

ಬೆನ್ನಡಿಯಾಗಿ ಈಜುವ ನೊಟೊನೆಕ್ಟ, ನೀರು ಚೇಳು, ಏರೋಪ್ಲೇನ್ ಚಿಟ್ಟೆಯ ಮರಿಹುಳ, ನೀರು ಜೀರುಂಡೆ, ಇವು ಸ್ಪಾನ್ ಹಿಡಿದು ತಿನ್ನುತ್ತವೆ. ಗೊದಮೊಟ್ಟೆ ಪಾಚಿಗೂ ಹಿಂಡಿಗೂ ಪಾಲುದಾರ; ಕಪ್ಪೆಮೊಟ್ಟೆಯ ಲೋಳೆ ಕಂಡಲ್ಲೇ ತೆಗೆದುಹಾಕಿ. ಉಸಿರಿಗೆ ಮೇಲೆ ಬರುವ ಹುಳಗಳಿಗೆ 5.6 ಕೆ.ಜಿ. ಅಗ್ಗದ ಅಡುಗೆ ಎಣ್ಣೆಗೆ 1.8 ಕೆ.ಜಿ. ಬಟ್ಟೆ ಸೋಪನ್ನು ಬಿಸಿನೀರಲ್ಲಿ ಕರಗಿಸಿ ಕದಡಿ, ಸ್ಪಾನ್ ಬಿಡುವ 12ರಿಂದ 24 ಗಂಟೆ ಮುಂಚೆ ನೀರಿನ ಮೇಲೆ ಹರಡಬೇಕು. ಗಾಳಿ ಬೀಸುವ ದಿನ ಎಣ್ಣೆಯ ಪೊರೆ ಒಡೆದು ಒಂದು ದಂಡೆಗೆ ಸೇರಿ ಪ್ರಯೋಜನವಾಗದು. ಆಮ್ಲಜನಕ ಕಡಿಮೆ ಇರುವ ಬೆಳಗಿನ ಜಾವವೂ ಬೇಡ, ಏಕೆಂದರೆ ಪೊರೆ ಗಾಳಿಯನ್ನೂ ತಡೆಯುತ್ತದೆ. ಮಣ್ಣಿನ ನರ್ಸರಿಯಲ್ಲಿ ನೂರಕ್ಕೆ 40–50 ಸ್ಪಾನ್ ಫ್ರೈ ಆಗುವುದು ಸಾಮಾನ್ಯ ಮಟ್ಟ. ಅಷ್ಟಿದ್ದರೆ ಗಾಬರಿ ಬೇಡ.

ಪಾಲನಾ ಕೊಳದಲ್ಲಿ ಬೇರೆ ಲೆಕ್ಕ

ಇಲ್ಲಿ 10 ಗುಂಟೆಗೆ 10ರಿಂದ 30 ಸಾವಿರ ಫ್ರೈ. ಮೇವನ್ನು ಮೊದಲ ತಿಂಗಳು ದೇಹತೂಕದ ಶೇ. 8–10, ಆಮೇಲೆ ಶೇ. 6–8. ತಪ್ಪಾಗುವುದು ಬದುಕುಳಿದ ಸಂಖ್ಯೆಯ ಅಂದಾಜಿನಲ್ಲಿ. 20 ಸಾವಿರ ಬಿಟ್ಟಿದ್ದು 14 ಸಾವಿರ ಉಳಿದಿದ್ದು, ಸರಾಸರಿ 2 ಗ್ರಾಂ ಇದ್ದರೆ ಒಟ್ಟು 28 ಕೆ.ಜಿ.; ಶೇ. 8ರಂತೆ ದಿನಕ್ಕೆ 2.24 ಕೆ.ಜಿ. 20 ಸಾವಿರದ ಲೆಕ್ಕ ಹಿಡಿದರೆ ದಿನವೂ ಸುಮಾರು ಒಂದು ಕೆ.ಜಿ. ತಳಕ್ಕೆ.

ಈ ಹಂತದ ಸಾಮಾನ್ಯ ದೂರು ಕಾಟ್ಲಾ ಹಿಂದೆ ಬಿತ್ತು ಅನ್ನುವುದು. ಕಾರಣ ಸರಳ. ಪ್ಲಾಂಕ್ಟನ್ ಕಡಿಮೆಯಾಗಿ ಹಿಂಡಿ-ತೌಡೇ ಆಧಾರವಾದಾಗ ರೋಹುವೂ ಸಾಮಾನ್ಯ ಗೆಂಡೆಯೂ ಅದನ್ನು ಕಾಟ್ಲಾಗಿಂತ ಚೆನ್ನಾಗಿ ಬಳಸಿಕೊಳ್ಳುತ್ತವೆ. ಮೇವು ಏರಿಸಿದರೆ ಕಾಟ್ಲಾಗೆ ತಲುಪದು. ಗೊಬ್ಬರ ಹಾಕಿ ಪ್ಲಾಂಕ್ಟನ್ ಎಬ್ಬಿಸಬೇಕು. ಬೆಳ್ಳಿ ಗೆಂಡೆ ಬೆರೆಸಿದ್ದರೆ ಇನ್ನೂ ಕಷ್ಟ. ಅದರ ಸೋಸುವ ಕಿವಿರು ಕಾಟ್ಲಾದ್ದಕ್ಕಿಂತ ನುಣುಪು, ಮೇಲ್ಪದರ ಒಂದೇ. ಹಿಮಾಚಲದ ಗೋವಿಂದ ಸಾಗರ ಜಲಾಶಯಕ್ಕೆ 1971ರ ಪ್ರವಾಹದಲ್ಲಿ ಆಕಸ್ಮಿಕವಾಗಿ ಸೇರಿದ ಬೆಳ್ಳಿ ಗೆಂಡೆ ಮುಂದೆ ಅಲ್ಲಿಯ ಕಾಟ್ಲಾವನ್ನು ಮೂಲೆಗೆ ತಳ್ಳಿತು. ಸಣ್ಣ ಕೊಳದಲ್ಲಿ ಎರಡನ್ನೂ ಒಟ್ಟಿಗೆ ಇಡಬೇಡಿ. ಮೃಗಾಲ್ ಹಿಂದುಳಿದಿದ್ದರೆ ತಳ ಕೆದಕುವ ಸಾಮಾನ್ಯ ಗೆಂಡೆಯ ಸಂಖ್ಯೆ ನೋಡಿ. ಕಾಟ್ಲಾ, ರೋಹು, ಮೃಗಾಲ್ 4:3:3 ಅನುಪಾತ ಶುರುವಿಗೆ ಸರಿ. ಮುಂದಿನ ಸಲ ಹಿಂದುಳಿದ ಜಾತಿಯ ಪದರದಲ್ಲಿರುವ ಎದುರಾಳಿಯನ್ನು ತಗ್ಗಿಸುತ್ತ ಬನ್ನಿ.

ಕೆರೆಗೆ ಬಿಟ್ಟ ಮೇಲೆ ಸೊರಗಿದರೆ

ಕೊಳದ ಮರಿಗೆ ಮೇವು ಮೇಲಿಂದ, ಹೊತ್ತಿಗೆ ಸರಿಯಾಗಿ ಬೀಳುವುದು ರೂಢಿ. ದಂಡೆಯ ಮೇಲೆ ನೆರಳು ಕಂಡರೆ ಅದು ಓಡುವುದಿಲ್ಲ, ಹತ್ತಿರ ಬರುತ್ತದೆ. ಕೆರೆಯಲ್ಲಿ ಹುಟ್ಟಿದ ಮರಿ ನೆರಳಿಗೆ ಹೆದರುತ್ತದೆ, ಹುಲ್ಲಂಚಿನಲ್ಲಿ ತಾನೇ ಹುಡುಕಿ ತಿನ್ನುತ್ತದೆ. ಆದ್ದರಿಂದ ಬಿಡುವ ಹತ್ತು ಹನ್ನೆರಡು ದಿನ ಮುಂಚಿನಿಂದ ಕೈಮೇವನ್ನು ಹಂತ ಹಂತವಾಗಿ ತಗ್ಗಿಸಿ, ಹೊತ್ತು ಮತ್ತು ಜಾಗ ಬದಲಿಸುತ್ತ, ಗೊಬ್ಬರದಿಂದ ಪ್ಲಾಂಕ್ಟನ್ ಹೆಚ್ಚಿಸಿ. 80–100 ಮಿ.ಮೀ.ಗಿಂತ ಸಣ್ಣದನ್ನು ಕೊರವ, ಬಾಳೆ ಇರುವ ಕೆರೆಗೆ ಬಿಡಬೇಡಿ. ಸಾಗಿಸುವ ಮುಂಚೆ ಕರುಳು ಖಾಲಿಯಾಗುವವರೆಗೆ ಹಾಪಾದಲ್ಲಿಡಿ, ಕೆರೆಯಲ್ಲಿ ಚೀಲವನ್ನು 15–20 ನಿಮಿಷ ತೇಲಬಿಟ್ಟು ಎರಡೂ ನೀರು ಒಂದೇ ತಾಪಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ. ಎಲ್ಲವನ್ನೂ ಒಂದೇ ಕಡೆ ಸುರಿಯದೆ ದಂಡೆಗುಂಟ ಹಲವು ಜಾಗದಲ್ಲಿ ಬಿಡಿ.

ಹತ್ತು ದಿನದ ನಂತರ ದಂಡೆಯಲ್ಲಿ ಬೀಸುಬಲೆ ಹಾಕಿ ಕೆಲವು ಮರಿ ಹಿಡಿದು ಕರುಳು ಬಿಡಿಸಿ. ಕಾಟ್ಲಾದಲ್ಲಿ ಪ್ಲಾಂಕ್ಟನ್, ರೋಹುವಿನಲ್ಲಿ ಪಾಚಿ, ಮೃಗಾಲ್‌ನಲ್ಲಿ ತಳದ ಕೆಸರು ಕಂಡರೆ ಮರಿ ತನ್ನ ಪದರ ಕಂಡುಕೊಂಡಿದೆ. ಕರುಳು ಖಾಲಿಯಾಗಿದ್ದು ಮೈ ಸೊರಗಿದ್ದರೆ ಮುಂದಿನ ಕಂತನ್ನು ನೇರ ಕೆರೆಗೆ ಬಿಡದೆ, ಕೆರೆಯೊಳಗೇ ಬಲೆ ಆವರಣ ಕಟ್ಟಿ ಒಂದು ವಾರ ಅಲ್ಲಿಯ ಆಹಾರಕ್ಕೆ ಒಗ್ಗಿಸಿ ಬಿಡಿ.